ಡ ಎತ್ವ ಡೆ

ಕಲ್ಲಿನ ಮೇಲೆ ನೀರು ಸುರಿದಾಗ ತಪ್ಪು ಕಾಣಿಸಿತು. ಒಣಗಿದ್ದಾಗ ದೂಳು ಕೂತು ಕಲ್ಲೂ ಅಕ್ಷರವೂ ಒಂದೇ ಬೂದಿಬಣ್ಣ. ನೀರು ಬಿದ್ದ ಕೂಡಲೇ ಕಲ್ಲು ಕಪ್ಪಗಾಗಿ ಅಕ್ಷರಗಳು ಬೆಳ್ಳಗೆ ಎದ್ದು ನಿಲ್ಲುತ್ತವೆ. ಮೊದಲ ಸಾಲಿನಲ್ಲಿ ಅಮ್ಮನ ಹೆಸರು, ಎರಡನೆಯದರಲ್ಲಿ ಹುಟ್ಟಿದ ದಿನ, ಹೋದ ದಿನ, ಅದರ ಕೆಳಗೆ ಬೈಬಲ್ಲಿನ ವಾಕ್ಯ. ಕರ್ತನೇ ಕೊಟ್ಟನು, ಕರ್ತನೇ ತೆಗೆದುಕೊಂಡೆನು. ಅವನು ಎರಡು ಸಲ ಓದಿದ. ಮೂರನೆಯ ಸಲ ಓದಲಿಲ್ಲ, ಬೆರಳಿಟ್ಟು ನೋಡಿದ. ತೆಗೆದುಕೊಂಡನು ಎಂದಿರಬೇಕಾದ ಕಡೆ, ಡ ಅಕ್ಷರದ ತಲೆಕಟ್ಟಿನ ಜಾಗದಲ್ಲಿ ಎತ್ವದ ಸುಳಿ ಕೂತಿತ್ತು. ಅಕ್ಕಿಕಾಳಿನಷ್ಟು ಗಾತ್ರದ್ದು. ಅಷ್ಟರಿಂದಲೇ ‘ಅವನು ತೆಗೆದುಕೊಂಡ’ ಎಂಬುದು ‘ನಾನು ತೆಗೆದುಕೊಂಡೆ’ ಎಂದಾಗಿಬಿಟ್ಟಿತ್ತು. ಇಪ್ಪತ್ತಾರು ವರ್ಷದಿಂದ ಸಮಾಧಿ ಕಲ್ಲುಗಳಿಗೆ ಅಕ್ಷರ ಕೆತ್ತುತ್ತ ಬಂದವನು, ಈ ಒಂದು ವಾಕ್ಯವನ್ನೇ ಮುನ್ನೂರು ಸಲವಾದರೂ ಕೆತ್ತಿದವನು, ಸ್ವಂತ ಅಮ್ಮನ ಕಲ್ಲಿನಲ್ಲಿ ಅಕ್ಷರ ತಪ್ಪಿದ್ದ. ಎದೆ ಧಸಕ್ಕೆನ್ನಬೇಕಾಗಿತ್ತು, ಅನ್ನಲಿಲ್ಲ. ನೀರು ಕಲ್ಲಿನ ಅಂಚಿನಿಂದ ತೊಟ್ಟಿಕ್ಕಿ ಅವನ ಚಪ್ಪಲಿಯೊಳಗೆ ಇಳಿಯಿತು. ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆಂದೂ ಅನ್ನಿಸಲಿಲ್ಲ.

ಎರಡು ತಿಂಗಳಿಂದ ಹೀಗೇ. ಹಿಂದಿನ ವಾರ ಸುತ್ತಿಗೆ ಜಾರಿ ಎಡಗೈ ಹೆಬ್ಬೆರಳಿನ ಮೇಲೆ ಬಿದ್ದಾಗ, ಉಗುರು ಕಪ್ಪಗಾಗುವುದನ್ನು ಬೇರೆ ಯಾರದೋ ಉಗುರನ್ನು ನೋಡುವ ಹಾಗೆ ನೋಡುತ್ತ ನಿಂತಿದ್ದ. ಊಟ ಮಾಡುತ್ತಿದ್ದ, ತಟ್ಟೆ ಖಾಲಿಯಾಗುತ್ತಿತ್ತು, ಏನು ತಿಂದೆ ಎಂದು ಹೆಂಡತಿ ಕೇಳಿದರೆ ತಟ್ಟೆಯನ್ನೇ ನೋಡಿ ಹೇಳಬೇಕಾಗಿತ್ತು. ದುಃಖವಾದರೂ ಬಂದರೆ ಅದಕ್ಕೊಂದು ಲಕ್ಷಣ ಇರುತ್ತದೆ, ಅಳಬಹುದು, ಬಾಗಿಲು ಹಾಕಿಕೊಳ್ಳಬಹುದು. ಇದಕ್ಕೆ ಲಕ್ಷಣವೇ ಇರಲಿಲ್ಲ. ಈಗ ತಪ್ಪು ಅಕ್ಷರದ ಮುಂದೆ ನಿಂತಾಗಲೂ ಅವನ ತಲೆಯಲ್ಲಿ ಓಡಿದ್ದು ಒಂದೇ ಒಣ ವಿಷಯ: ಮೂರು ಗಂಟೆಗೆ ಅಕ್ಕ ಬರುತ್ತಾಳೆ. ನಾಲ್ಕಕ್ಕೆ ಕಲ್ಲನ್ನು ಸಮಾಧಿಯ ಮೇಲೆ ನಿಲ್ಲಿಸಬೇಕು. ಅಕ್ಕ ಮೂವತ್ತು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದವಳು. ಮದುವೆಯ ಕರೆಯೋಲೆ ಕೈಗೆ ಕೊಟ್ಟರೂ ಕೆಂಪು ಪೆನ್ನು ಹುಡುಕುವವಳು. ಅವಳು ಓದುತ್ತಾಳೆ. ಓದಿದರೆ ಕೇಳುತ್ತಾಳೆ. ಕೇಳಿದರೆ ಇವನು ಎರಡನೆಯ ಸಲ ಸುಳ್ಳು ಹೇಳಬೇಕು, ಇಲ್ಲವೇ ಮೊದಲನೆಯ ಸುಳ್ಳನ್ನು ವಾಪಸು ತೆಗೆದುಕೊಳ್ಳಬೇಕು.

“ಏನಣ್ಣ, ಕಲ್ಲು ನೋಡ್ತಾ ನೋಡ್ತಾ ನೀವೂ ಕಲ್ಲಾಗಿಬಿಟ್ರಾ?” ಎಂದಳು ಪಾಲಿಶಿನವಳು. ಹನ್ನೆರಡು ವರ್ಷದಿಂದ ಈ ಅಂಗಳದಲ್ಲಿ ಕಲ್ಲು ಉಜ್ಜುವ ವಿಧವೆ. ಬಾಯಿ ಜೋರು, ಅಕ್ಷರ ಬಾರದು. ಬಕೆಟ್ಟು ಕೆಳಗಿಟ್ಟು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಕ್ಷರಗಳ ಒಳಗೆ ನಿಂತ ದೂಳನ್ನು ಹೆಬ್ಬೆರಳಿಂದ ಒರೆಸುತ್ತ ಹೋದಳು. ಅವಳ ಬೆರಳು ತೆಗೆದುಕೊಂಡೆನು ಎಂಬಲ್ಲಿಗೆ ಬಂದು ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು. “ಇಲ್ಲಿ ಯಾವತ್ತೂ ಈ ಸುಳಿ ಇರ್ತಿರಲಿಲ್ವಲ್ಲಣ್ಣ?” ಎಂದು ಕೇಳಿದಳು. “ಈ ಪಾಠ ನನ್ನ ಬೆರಳಿಗೆ ಬಾಯಿಪಾಠ. ಇಲ್ಲಿ ನುಣ್ಣಗೆ ಜಾರಿ ಹೋಗ್ಬೇಕು. ಇವತ್ತು ಉಗುರು ಸಿಕ್ಕಾಕ್ಕೊಳ್ತು.” ಅವನು ಬಾಯಿ ತೆರೆದ. “ಹೊಸ ಥರ,” ಎಂದ. ಅವಳು ಅವನ ಮುಖವನ್ನೊಮ್ಮೆ, ಕಲ್ಲನ್ನೊಮ್ಮೆ ನೋಡಿ, “ಹೊಸ ಥರ ಅಂತೆ, ಹೊಸ ಥರ. ನನಗ್ಯಾಕೆ ಬೇಕು ದೊಡ್ಡೋರ ವಿಷಯ,” ಎಂದು ಎದ್ದು ಹೋಗಿ ಬಕೆಟ್ಟಿನ ನೀರನ್ನು ಬೇಕಾಗಿದ್ದಕ್ಕಿಂತ ಜೋರಾಗಿ ಚೆಲ್ಲಿದಳು.

ಓದಲು ಬಾರದವಳಿಗೂ ಸಿಕ್ಕಿತಲ್ಲ ಎಂದು ಅವನಿಗೆ ನಗು ಬರಬೇಕಿತ್ತು. ಅವನು ಶೆಡ್ಡಿನ ಕಂಬಕ್ಕೆ ಒರಗಿ ಕೂತ. ಹಾಗೆ ನೋಡಿದರೆ ಅವನಿಗೂ ವಾಕ್ಯಗಳು ಗೊತ್ತಿರುವುದು ಓದಿ ಅಲ್ಲ. ಸತ್ತವರ ಮನೆಯವರು ಚೀಟಿಯಲ್ಲಿ ಬರೆದು ತರುತ್ತಾರೆ, ಇವನು ಇಂಚುಪಟ್ಟಿ ಇಟ್ಟು ಅಕ್ಷರ ಎಣಿಸುತ್ತಾನೆ. ಕುರುಬನ ಕೀರ್ತನೆ ಕೇಳುವವರಿಗೆ ಹಿತವೇ ಹೊರತು ಕೆತ್ತುವವನಿಗಲ್ಲ, ಅದರ ತುಂಬ ಒತ್ತಕ್ಷರ, ಒತ್ತು ಇಳಿದ ಕಡೆಯೆಲ್ಲ ಕೆಳಗಿನ ಸಾಲಿಗೆ ತಗಲುತ್ತದೆ, ಉಳಿ ಸ್ವಲ್ಪ ವಾಲಿದರೆ ಚಕ್ಕೆ ಏಳುತ್ತದೆ. ಎರಡು ಗುಬ್ಬಿಗಳಲ್ಲಿ ಒಂದಾದರೂ ತಂದೆಗೆ ತಿಳಿಯದೆ ನೆಲಕ್ಕೆ ಬೀಳದು ಎಂಬುದನ್ನು ಮಕ್ಕಳ ಕಲ್ಲಿಗೆ ಕೇಳುತ್ತಾರೆ. ಅದು ಹದಿನೆಂಟು ಇಂಚಿನಲ್ಲಿ ಹಿಡಿಯುವುದಿಲ್ಲ, ಮಕ್ಕಳ ಕಲ್ಲು ಸಾಮಾನ್ಯವಾಗಿ ಹದಿನೆಂಟೇ ಇಂಚು. ಹಾಗಾಗಿ ಅರ್ಧಕ್ಕೆ ನಿಲ್ಲಿಸುತ್ತಿದ್ದ. ಯೋಬನ ಮಾತು ಮಾತ್ರ ಅಳತೆಗೆ ಹೇಳಿ ಮಾಡಿಸಿದ್ದು. ಹತ್ತು ಮಕ್ಕಳನ್ನು ಒಂದೇ ದಿನ ಕಳೆದುಕೊಂಡವನು ಬಟ್ಟೆ ಹರಿದುಕೊಂಡು ತಲೆ ಬೋಳಿಸಿಕೊಂಡು ನೆಲಕ್ಕೆ ಬಿದ್ದು ಆಡಿದ ಮಾತು ಇಷ್ಟು ಚೊಕ್ಕವಾಗಿ ಎರಡು ಸಾಲಿನಲ್ಲಿ ಕೂರುತ್ತದಲ್ಲ ಎಂದು ಮೊದಲ ವರ್ಷಗಳಲ್ಲಿ ಅವನಿಗೆ ಆಶ್ಚರ್ಯವಾಗಿತ್ತು. ಆಮೇಲೆ ಆಶ್ಚರ್ಯವೂ ಅಭ್ಯಾಸವಾಯಿತು. ಕರ್ತನೇ ಕೊಟ್ಟನು. ಕರ್ತನೇ ತೆಗೆದುಕೊಂಡನು. ಎಲ್ಲವೂ ದೇವರದೇ, ನಡುವೆ ಮನುಷ್ಯನ ಕೈ ಎಲ್ಲೂ ಇಲ್ಲ. ಅಮ್ಮನಿಗೆ ಇಷ್ಟವಾಗುತ್ತಿದ್ದುದೂ ಅದೇ. ಯಾವ ಪ್ರಶ್ನೆ ಕೇಳಿದರೂ ಅವಳದು ಒಂದೇ ಉತ್ತರ, ಅವನಿಗೆ ಗೊತ್ತು. ಮಳೆ ಬರುತ್ತಾ ಅಮ್ಮ, ಅವನಿಗೆ ಗೊತ್ತು. ನಾನು ಪಾಸಾಗ್ತೀನಾ, ಅವನಿಗೆ ಗೊತ್ತು. ಅಡುಗೆಗೆ ಉಪ್ಪು ಹಾಕಿದ್ಯಾ ಎಂದು ಅಪ್ಪ ಕೇಳಿದಾಗಲೂ ಅವನಿಗೆ ಗೊತ್ತು ಎಂದು ಬಾಯಿತಪ್ಪಿ ಹೇಳಿದ್ದಳು, ಅಪ್ಪ ಚಮಚ ಕೆಳಗಿಟ್ಟು, ಹಾಗಾದ್ರೆ ಅವನೇ ಬಂದು ಉಣ್ಣಲಿ ಎಂದು ಎದ್ದು ಹೋಗಿದ್ದ. ಅವಳು ನಕ್ಕಿದ್ದಳು. ಕೊನೆಯ ಹನ್ನೊಂದು ದಿನ ಅವಳ ಬಾಯಿಯಲ್ಲಿ ಕೊಳವೆ ಇತ್ತು.

ಕೊಳವೆಯ ತುದಿಗೆ ಯಂತ್ರ. ಅದು ಉಸಿರು ಹಾಕುತ್ತಿತ್ತು, ಅವಳ ಎದೆ ಏಳುತ್ತಿತ್ತು. ಅದು ಬಿಡುತ್ತಿತ್ತು, ಇಳಿಯುತ್ತಿತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಅವಳಿಗೆ ನೆಗಡಿ. ಪ್ರತಿ ವಾಕ್ಯಕ್ಕೂ ಮೂಗು ಒರೆಸಿಕೊಂಡು ಹೇಳಿದಳು, ಮೆದುಳಿನಲ್ಲಿ ಏನೂ ಉಳಿದಿಲ್ಲ, ಯಂತ್ರ ತೆಗೆಯುವುದು ಬಿಡುವುದು ಮನೆಯವರ ನಿರ್ಧಾರ, ಅವಸರವಿಲ್ಲ. ಅಕ್ಕನಿಗೆ ಫೋನು ಮಾಡಿದ. ಒಂದು ಹಗಲಿನ ಪ್ರಯಾಣದಷ್ಟು ದೂರದಲ್ಲಿದ್ದಳು. “ಗುರುವಾರ ಬೆಳಗಿನ ಬಸ್ಸಿಗೆ ಬರ್ತೀನಿ, ನಾನು ಬರೋವರೆಗೂ ಏನೂ ಮಾಡ್ಬೇಡ, ನನ್ನಾಣೆ,” ಎಂದಿದ್ದಳು. ಗುರುವಾರ ಮಧ್ಯಾಹ್ನ ಮತ್ತೆ ಅವಳದೇ ಫೋನು. ಬಸ್ಸು ತಪ್ಪಿತು, ನಾಳೆ ಹೊರಡುತ್ತೇನೆ. ಆಯಿತು ಎಂದ. ಫೋನು ಕಿಸೆಯಲ್ಲಿಟ್ಟುಕೊಂಡು ಕಾರಿಡಾರಿನ ಬೆಂಚಿನ ಮೇಲೆ ಕೂತ. ಎದುರಿನ ಕಿಟಕಿಯ ಚೌಕಟ್ಟಿನಲ್ಲಿ ಒಂದು ಗುಬ್ಬಿ ಗಾಜಿಗೆ ಕೊಕ್ಕು ಬಡಿಯುತ್ತಿತ್ತು, ಒಳಗೆ ಬರಲು ಅಲ್ಲ, ಗಾಜಿನಲ್ಲಿ ಕಾಣುವ ಇನ್ನೊಂದು ಗುಬ್ಬಿಯ ಜೊತೆ ಜಗಳಕ್ಕೆ. ನಾಲ್ಕು ಗಂಟೆಗೆ ಎದ್ದು ಹೋಗಿ ಕಾಗದ ಕೇಳಿದ. ಯಾಕೆ ನಾಳೆಯವರೆಗೆ ಕಾಯಲಿಲ್ಲ ಎಂದು ಆಮೇಲೆ ತನ್ನನ್ನು ತಾನೇ ಎಷ್ಟು ಜಾಲಾಡಿದರೂ ದೊಡ್ಡ ಕಾರಣ ಸಿಗಲಿಲ್ಲ. ಅಮ್ಮನ ನೋವು ನೋಡಲಾಗಲಿಲ್ಲ ಎನ್ನಬಹುದಿತ್ತು. ಅವಳಿಗೆ ನೋವಿರಲಿಲ್ಲ. ನಿಜ ಏನೆಂದರೆ ಅವನಿಗೆ ಸಾಕಾಗಿತ್ತು. ಮನೆಗೆ ಹೋಗಿ ಬಿಸಿನೀರು ಹಾಕಿಕೊಂಡು ಮಲಗಬೇಕಾಗಿತ್ತು. ಇನ್ನೊಂದು ದಿನ ಆ ಬೆಂಚಿನ ಮೇಲೆ ಕೂರುವುದನ್ನು ನೆನೆದರೆ ಸೊಂಟ ನೋಯುತ್ತಿತ್ತು.

ಕಾಗದದಲ್ಲಿ ‘ಸಂಬಂಧ’ ಎಂದಿದ್ದ ಕಡೆ ಮಗ ಎಂದು ಬರೆದ. ಕೆಳಗೆ ಸಹಿ. ನರ್ಸು ಬಗ್ಗಿ ನೋಡಿ, “ಅಬ್ಬಾ, ಅಚ್ಚು ಹಾಕಿದ ಹಾಗಿದೆಯಲ್ಲ ನಿಮ್ಮ ಅಕ್ಷರ!” ಎಂದಳು. ಆಗ ಅವನಿಗೆ ಖುಷಿಯಾಯಿತು. ಈಗಲೂ ತಲೆ ತಗ್ಗುವುದು ಅದನ್ನು ನೆನೆದಾಗ. ಸಹಿ ಮಾಡಿದ್ದಕ್ಕಲ್ಲ, ಖುಷಿಯಾದದ್ದಕ್ಕೆ. “ಅದೇ ನನ್ನ ಕೆಲಸ,” ಎಂದು ಹೇಳಿಕೊಂಡ. “ಏನು ಕೆಲಸ?” “ಸಮಾಧಿ ಕಲ್ಲಿಗೆ ಅಕ್ಷರ ಕೆತ್ತೋದು.” ನರ್ಸು ಕಾಗದವನ್ನು ಎಳೆದುಕೊಂಡು ಬೇರೆ ಕಡೆ ನೋಡಿದಳು. ಐದೂ ಹತ್ತಕ್ಕೆ ಎಲ್ಲ ಮುಗಿದಿತ್ತು. ಆರಕ್ಕೆ ಅಕ್ಕನಿಗೆ ಫೋನು ಮಾಡಿ, ಅಮ್ಮ ತಾನಾಗೇ ಹೋದಳು ಎಂದ. “ಯಾರೂ ಇರಲಿಲ್ವಾ ಹತ್ರ?” ಎಂದು ಕೇಳಿದಳು. ಸುಳ್ಳಿಗೆ ಕಾಲು ಬೇಕಾಯಿತು. “ನಾನು ಕೆಳಗೆ ಕಾಫಿಗೆ ಹೋಗಿದ್ದೆ. ಬರೋಷ್ಟರಲ್ಲಿ ಆಗಿಹೋಗಿತ್ತು,” ಎಂದ. ಆಮೇಲೆ ಅವಳು ಒಂದೇ ಮಾತು ಹೇಳಿದಳು, “ದೇವರೇ ತೆಗೆದುಕೊಂಡ.” ಹೌದು ಎಂದ. ಮನೆಗೆ ಹೋಗಿ ಬಿಸಿನೀರು ಹಾಕಿಕೊಂಡು ಒಂಬತ್ತು ಗಂಟೆ ಒಂದೇ ಸಮ ನಿದ್ದೆ ಮಾಡಿದ. ಅಷ್ಟು ಒಳ್ಳೆಯ ನಿದ್ದೆ ಅದಕ್ಕೂ ಮುಂಚೆ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಮಾರನೆಯ ದಿನ ಮಣ್ಣಿನ ಹೊತ್ತಿಗೆ ಸರಿಯಾಗಿ ಬಂದ ಅಕ್ಕ ಅವನ ತೋಳು ಹಿಡಿದುಕೊಂಡು ನಿಂತಿದ್ದಳು. ಎಲ್ಲರೂ ಯೋಬನ ಮಾತನ್ನು ಒಟ್ಟಿಗೆ ಹೇಳಿದಾಗ ಅವನ ತುಟಿಯೂ ಅಲ್ಲಾಡಿತು, ಎಲ್ಲರ ನಡುವೆ ಸಾಲು ತಪ್ಪಬಾರದೆಂದು.

ಹನ್ನೆರಡರ ಹೊತ್ತಿಗೆ ಪಾದ್ರಿಗಳು ಸ್ಕೂಟರಿನಲ್ಲಿ ಕಲ್ಲಿನ ಅಂಗಳಕ್ಕೆ ಬಂದರು. ನಾಲ್ಕರ ಪ್ರಾರ್ಥನೆಯನ್ನು ನಾಲ್ಕೂಕಾಲಿಗೆ ಇಟ್ಟುಕೊಳ್ಳಬಹುದೇ ಎಂದು ಕೇಳಲು. ಒಳ್ಳೆಯ ಮನುಷ್ಯ, ಯಾವಾಗಲೂ ಇನ್ನೆಲ್ಲಿಗೋ ಹೊರಟಿರುವವರು. ಹೆಲ್ಮೆಟ್ಟು ತೆಗೆಯದೆಯೇ ಕಲ್ಲಿನ ಮುಂದೆ ನಿಂತು ಕೈಕಟ್ಟಿ ಗಟ್ಟಿಯಾಗಿ ಓದಿದರು. “ಕರ್ತನೇ ಕೊಟ್ಟನು, ಕರ್ತನೇ ತೆಗೆದುಕೊಂಡನು.” ಕಣ್ಣು ಕಲ್ಲಿನ ಮೇಲೆಯೇ ಇತ್ತು. ಅವರು ಓದಲಿಲ್ಲ, ಹೇಳಿದರು. “ಬಹಳ ಚೆನ್ನಾಗಿ ಬಂದಿದೆ. ನಿಮ್ಮ ತಾಯಿ ದೇವರ ಸಾರ್ವಭೌಮತ್ವವನ್ನು ಬದುಕಿ ತೋರಿಸಿದವರು,” ಎಂದರು. ಸಾರ್ವಭೌಮತ್ವ ಎಂಬ ಮಾತನ್ನು ಅವನು ಪ್ರತಿ ಭಾನುವಾರ ಕೇಳುತ್ತಿದ್ದ. ಅಮ್ಮನ ಬಾಯಲ್ಲಿ ಅದೇ ‘ಅವನಿಗೆ ಗೊತ್ತು’ ಎಂದಾಗುತ್ತಿತ್ತು. ಅಷ್ಟು ಗಾತ್ರದ ಪದ ಅವಳ ಬಾಯಿಗೆ ಹಿಡಿಯುತ್ತಿರಲಿಲ್ಲ.

“ಒಂದು ಮಾತು ಕೇಳ್ಲಾ?” ಎಂದ ಅವನು. ಕೇಳುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. “ಫರೋಹನ ಮನಸ್ಸನ್ನ ಕಲ್ಲು ಮಾಡಿದ್ದು ದೇವರೇ ಅಂತ ಬರೆದಿದೆ. ಆಮೇಲೆ ಕಲ್ಲಾಗಿದ್ದಕ್ಕೆ ಶಿಕ್ಷೆ ಆಗಿದ್ದು ಫರೋಹನಿಗೆ. ಅಲ್ಲಿ ತಪ್ಪು ಯಾರದು?”

ಪಾದ್ರಿಗಳು ಹೆಲ್ಮೆಟ್ಟಿನೊಳಗಿಂದ ಅವನನ್ನು ನೋಡಿದರು. “ಒಳ್ಳೆ ಪ್ರಶ್ನೆ. ಆ ಅಧ್ಯಾಯ ಪೂರ್ತಿ ಓದಿದ್ರೆ, ಫರೋಹ ತಾನೇ ಮನಸ್ಸನ್ನ ಕಲ್ಲು ಮಾಡಿಕೊಂಡ ಅಂತಲೂ ಬರೆದಿದೆ.”

“ಎರಡೂ ಇದೆಯಾ?”

“ಎರಡೂ ಇದೆ.”

“ಯಾವುದು ನಿಜ?”

“ಅದು ದೊಡ್ಡ ವಿಷಯ,” ಎಂದು ಪಾದ್ರಿಗಳು ಗಡಿಯಾರ ನೋಡಿಕೊಂಡರು. “ಬುಧವಾರದ ಕೂಟಕ್ಕೆ ಬನ್ನಿ, ವಿವರವಾಗಿ ಮಾತಾಡೋಣ. ಯೋಸೇಫನ ಕತೆ ಓದಿಕೊಂಡು ಬನ್ನಿ.” ಸ್ಕೂಟರು ಹೊರಟುಹೋಯಿತು. ಪಾಲಿಶಿನವಳು ಅತ್ತ ನೋಡಿ, “ದೇವರ ಮನೆ ಸಂಗತಿಗೂ ಬುಧವಾರದವರೆಗೆ ಕಾಯ್ಬೇಕು ನೋಡಿ,” ಎಂದಳು.

ಯೋಸೇಫನ ಕತೆ ಅವನಿಗೆ ಗೊತ್ತಿತ್ತು. ಅಣ್ಣಂದಿರು ಹಿಡಿದು ಮಾರಿದರು, ವರ್ಷಗಳಾದ ಮೇಲೆ ಅವನೇ ಅವರಿಗೆ ಅನ್ನ ಕೊಟ್ಟ, ನೀವು ಕೆಟ್ಟದ್ದು ಎಣಿಸಿದಿರಿ, ದೇವರು ಅದರಲ್ಲೇ ಒಳ್ಳೆಯದು ಎಣಿಸಿದ ಎಂದ. ಮಾರಿಸಿಕೊಂಡವನು ಹಾಗೆ ಹೇಳಬಹುದು. ಮಾರಿದವರು ಹೇಳಿದರೆ? ಆ ಹತ್ತು ಮಂದಿ ಅಣ್ಣಂದಿರು ಊಟ ಮಾಡಿ ಕೈ ತೊಳೆದುಕೊಳ್ಳುತ್ತ, ದೇವರ ಚಿತ್ತ, ನಮ್ಮದೇನಿದೆ, ಎಂದು ಒಬ್ಬರಿಗೊಬ್ಬರು ಹೇಳಿಕೊಂಡಿದ್ದರೆ ಕತೆ ಹೇಗಿರುತ್ತಿತ್ತು? ಅವನು ಎರಡು ತಿಂಗಳಿಂದ ಹೇಳಿಕೊಳ್ಳುತ್ತಿದ್ದದ್ದು ಅದನ್ನೇ. ದೇವರಿಗೆ ಎಲ್ಲ ಅಧಿಕಾರವಿದ್ದರೆ ಆ ಗುರುವಾರದ ಸಹಿಗೂ ಇರಬೇಕು. ಕುಂಬಾರನಿಗೆ ಜೇಡಿಮಣ್ಣಿನ ಮೇಲೆ ಅಧಿಕಾರ ಇಲ್ಲವೇ ಎಂದು ಬರೆದಿದೆ. ಇದೆ. ಆದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಊರಲ್ಲಿ ಹೇಳುತ್ತಾರಲ್ಲ, ಆ ದೊಣ್ಣೆ ಯಾರ ಕೈಯದು? ಮತ್ತೆ ದೇವರು ಕುಂಬಾರನ ಉಪಮೆಯನ್ನೇ ಯಾಕೆ ಆರಿಸಿಕೊಂಡ ಎನ್ನುವುದೂ ಅವನಿಗೆ ಗೊತ್ತು. ಮಣ್ಣು ಕೆಟ್ಟರೆ ಮುದ್ದೆ ಮಾಡಿ ಮತ್ತೆ ತಿಗುರಿಯ ಮೇಲೆ ಇಡಬಹುದು. ಕಲ್ಲು ಹಾಗಲ್ಲ. ಕಲ್ಲಿನ ಕೆಲಸ ದೇವರು ಮಾಡಿದ್ದು ಒಂದೇ ಸಲ, ಬೆಟ್ಟದ ಮೇಲೆ, ತನ್ನ ಬೆರಳಿನಿಂದಲೇ ಹತ್ತು ಮಾತು ಬರೆದ. ಮೋಶೆ ಕೆಳಗಿಳಿದವನೇ ಸಿಟ್ಟಿನಲ್ಲಿ ಒಡೆದುಹಾಕಿದ. ಎರಡನೆಯ ಸಲ ಬರೆಯುವಾಗ, ಕಲ್ಲು ನೀನೇ ಕಡಿದುಕೊಂಡು ಬಾ ಎಂದು ದೇವರು ಮೋಶೆಗೆ ಹೇಳಿದ. ಕೆತ್ತುವವರ ಕಷ್ಟ ಗೊತ್ತಿರುವವನ ಮಾತು ಅದು. ಮೊದಲೆಲ್ಲ ಈ ಜೋಕನ್ನು ಗಿರಾಕಿಗಳಿಗೆ ಹೇಳಿ ನಗಿಸುತ್ತಿದ್ದ.

ರಿಪೇರಿಗೆ ದಾರಿ ಇಲ್ಲದಿಲ್ಲ. ಮೇಲ್ಮೈಯನ್ನು ಪೂರ್ತಿ ಉಜ್ಜಿ ತೆಗೆದು ಹೊಸದಾಗಿ ಕೆತ್ತಬಹುದು, ಮೂರು ದಿನ. ಕಲ್ಲನ್ನು ತಿರುವಿ ಬೆನ್ನಿನ ಕಡೆ ಕೆತ್ತಬಹುದು, ಎರಡು ದಿನ. ಇನ್ನೊಂದಿದೆ, ಎಲ್ಲರೂ ಮಾಡುವುದು, ಯಾರೂ ಹೇಳಿಕೊಳ್ಳದಿರುವುದು: ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ತಪ್ಪಿದ ಗೆರೆಗೆ ತುಂಬಿ ಉಜ್ಜಿಬಿಡುವುದು. ಅರ್ಧ ಗಂಟೆ. ಒಣಗಿದ್ದಾಗ ಗೊತ್ತಾಗುವುದಿಲ್ಲ, ಒದ್ದೆಯಾದರೆ ತೇಪೆ ಕಾಣುತ್ತದೆ. ಒಂದು ಗಂಟೆಗೆ ಅವನು ಅಂಟಿನ ಡಬ್ಬಿ ಬಿಚ್ಚಿದ, ಕಪ್ಪು ಪುಡಿ ಸೇರಿಸಿ ತಗಡಿನ ಚೂರಿನ ಮೇಲೆ ಕಲಸಿದ, ಮೊಂಡು ಚಾಕುವಿನ ತುದಿಯಲ್ಲಿ ಅಷ್ಟೇ ಅಷ್ಟು ತೆಗೆದುಕೊಂಡು ಕಲ್ಲಿನ ಮುಂದೆ ಮೊಣಕಾಲೂರಿದ. ಎತ್ವದ ಸುಳಿ ಹತ್ತಿರದಿಂದ ನೋಡಿದರೆ ಬಹಳ ಚೆಂದ ಬಂದಿತ್ತು, ಒಂದೂ ಚಕ್ಕೆ ಎದ್ದಿರಲಿಲ್ಲ. ಕೈತಪ್ಪಿ ಆದದ್ದು ಇಷ್ಟು ಚೆಂದವಾಗಿ ಆಗುವುದಿಲ್ಲ. ಸೀಮೆಸುಣ್ಣದಲ್ಲಿ ಮೊದಲು ಬರೆದವನು ತಾನೇ, ಆ ಗೆರೆಯ ಮೇಲೆ ಉಳಿ ಇಟ್ಟು ಇಪ್ಪತ್ತು ಮೂವತ್ತು ಪೆಟ್ಟು ಹಾಕಿದವನು ತಾನೇ, ಅಷ್ಟು ಪೆಟ್ಟಿನಲ್ಲಿ ಒಂದು ಪೆಟ್ಟಿಗಾದರೂ ಎಚ್ಚರವಾಗಬೇಕಿತ್ತು. ಬಾಲ್ಯದಲ್ಲಿ ಅಕ್ಕ ಮೆಟ್ಟಿಲ ಮೇಲೆ ಕೂರಿಸಿಕೊಂಡು ಕಾಗುಣಿತ ಹೇಳಿಕೊಡುತ್ತಿದ್ದಳು, ಡ ತಲೆಕಟ್ಟು ಡ, ಡ ಎತ್ವ ಡೆ. ತಪ್ಪಿದರೆ ತಲೆಗೆ ಮೊಟಕು. ಅಂಟು ಚಾಕುವಿನ ತುದಿಯಲ್ಲೇ ಗಟ್ಟಿಯಾಯಿತು. ಇನ್ನೊಮ್ಮೆ ಕಲಸಿದ. ಅದೂ ಗಟ್ಟಿಯಾಯಿತು. ಮೂರನೆಯ ಸಲ ಡಬ್ಬಿಯ ಮುಚ್ಚಳ ಹಾಕಿದ.

ಅಕ್ಕ ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಬಂದಳು. ತೆಳ್ಳಗಾಗಿದ್ದಳು. ಬ್ಯಾಗು ಅವನ ಕೈಗೆ ಕೊಟ್ಟು, ಪಾಲಿಶಿನವಳು ತಂದಿಟ್ಟ ಸ್ಟೂಲಿನ ಮೇಲೆ ಕೂತು, “ಬಸ್ಸಲ್ಲಿ ಪಕ್ಕದವನು ದಾರಿಯುದ್ದಕ್ಕೂ ನನ್ನ ಹೆಗಲ ಮೇಲೇ ನಿದ್ದೆ ಮಾಡಿದ, ಏಳಿಸಿದ್ರೆ ‘ಪರವಾಗಿಲ್ಲ’ ಅಂತ ನನಗೇ ಸಮಾಧಾನ ಹೇಳ್ತಾನೆ,” ಎಂದಳು. ನೀರು ಕುಡಿದಳು. ಕನ್ನಡಕ ಹಾಕಿಕೊಂಡಳು. ಅವನು ಕಲ್ಲಿಗೂ ಅವಳಿಗೂ ನಡುವೆ ನಿಂತಿದ್ದ. “ಸರಿ ಕಣೋ, ನೋಡೋಣ,” ಎಂದಳು. ಅವನು ಸರಿದ.

ಅವಳು ಹೆಸರು ಓದಿದಳು, ದಿನಾಂಕ ಓದಿದಳು. ವಾಕ್ಯಕ್ಕೆ ಬಂದಾಗ ತುಟಿಗಳು ಮೆಲ್ಲಗೆ ಅಲ್ಲಾಡಿ ನಿಂತವು. “ತಪ್ಪಿದೆ,” ಎಂದಳು, ಕೊಠಡಿಯ ಕೊನೆಯ ಬೆಂಚಿಗೂ ಕೇಳಿಸುವ ಮೇಷ್ಟ್ರಮ್ಮನ ದನಿಯಲ್ಲಿ. “ಕರ್ತೃಪದಕ್ಕೂ ಕ್ರಿಯಾಪದಕ್ಕೂ ಹೊಂದಿಕೆ ಇಲ್ಲ. ಕರ್ತನೇ ಅನ್ನೋದು ಪ್ರಥಮ ಪುರುಷ. ತೆಗೆದುಕೊಂಡೆನು ಅನ್ನೋದು ಉತ್ತಮ ಪುರುಷ. ಒಂದು ವಾಕ್ಯದಲ್ಲಿ ಕರ್ತ ಅವನಾದ್ರೆ, ಕ್ರಿಯೆ...” ಅಲ್ಲಿಗೆ ನಿಲ್ಲಿಸಿದಳು. ‘ನಾನು’ ಎನ್ನುವವನಿಗೆ ಉತ್ತಮ ಪುರುಷ ಎಂದು ಹೆಸರಿಟ್ಟ ವ್ಯಾಕರಣದವನು ಯಾರೋ, ಬಹಳ ಹಾಸ್ಯಗಾರ ಇದ್ದಿರಬೇಕು. ತಮ್ಮನ ಬಳಿ ಎರಡು ಮಾತು ಸಿದ್ಧವಿದ್ದವು. ಕೈತಪ್ಪಿತು ಎಂಬುದೊಂದು. ನೀರಲ್ಲಿ ಹಾಗೆ ಕಾಣುತ್ತೆ, ಒಣಗಲಿ ಎಂಬುದು ಇನ್ನೊಂದು. ಎರಡನ್ನೂ ಬೆಳಗಿನಿಂದ ಬಾಯಲ್ಲಿಟ್ಟುಕೊಂಡಿದ್ದ.

“ನಾನೇ ಸಹಿ ಹಾಕಿದ್ದು,” ಎಂದ. “ಗುರುವಾರ ನಾಲ್ಕು ಗಂಟೆಗೆ. ತಾನಾಗೇ ಹೋಗ್ಲಿಲ್ಲ.”

ಪಾಲಿಶಿನವಳು ಉಜ್ಜುವುದನ್ನು ನಿಲ್ಲಿಸಿ, ಏನೂ ಕೇಳಿಸದವಳ ಹಾಗೆ ಎದ್ದು ರಸ್ತೆಯ ಕಡೆ ಹೋದಳು. ಅಕ್ಕ ಬೈಯುತ್ತಾಳೆ ಎಂದುಕೊಂಡಿದ್ದ, ಅಳುತ್ತಾಳೆ ಎಂದುಕೊಂಡಿದ್ದ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದಳು, ಒರೆಸಿದ್ದನ್ನೇ ಒರೆಸಿದಳು.

“ನನಗೆ ಬಸ್ಸು ತಪ್ಪಿರಲಿಲ್ಲ,” ಎಂದಳು. “ಬಸ್‌ಸ್ಟ್ಯಾಂಡಲ್ಲೇ ಇದ್ದೆ. ಮೂರು ಬಸ್ಸು ಬಂತು, ಮೂರನ್ನೂ ಬಿಟ್ಟೆ. ಬ್ಯಾಗು ತೊಡೆ ಮೇಲಿಟ್ಟುಕೊಂಡು ಕೂತಿದ್ದೆ. ಬಂದ್ರೆ ನಾನೂ ಹೂಂ ಅನ್ನಬೇಕಾಗಿತ್ತು. ಬರದೇ ಇದ್ರೆ...” ಕನ್ನಡಕ ಮಡಚಿದಳು. “ಕಾಯಿ ಅಂದೆ ನಿನಗೆ. ಆದ್ರೆ ನೀನು ಎಲ್ಲಿ ಕಾದುಬಿಡ್ತೀಯೋ ಅಂತ ಹೆದರಿಕೊಂಡು ಕೂತಿದ್ದೆ ಕಣೋ.”

ಅವನು ಅವಳ ಬ್ಯಾಗನ್ನು ಕೆಳಗಿಟ್ಟ.

“ಸಂಜೆ ನೀನು ಫೋನು ಮಾಡಿ ತಾನಾಗೇ ಹೋದ್ಲು ಅಂದಾಗ ಬೀಸೋ ದೊಣ್ಣೆ ತಪ್ಪಿತು ಅನ್ನಿಸ್ತು. ದೇವರು ಇಬ್ಬರ ಕೈಗೂ ಕೊಡದೆ ತಾನೇ ತೆಗೆದುಕೊಂಡ ಅಂತ. ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದ್ದೀನಿ ನಾನು. ಎಲ್ಲ ಅವನ ಚಿತ್ತ, ಮನುಷ್ಯರ ಕೈಯಲ್ಲಿ ಏನೂ ಇಲ್ಲ ಅಂತ. ಜನ ಆಮೆನ್ ಅಂದ್ರು.”

ಆಗ ಅವನಿಗೆ ಸಿಟ್ಟು ಬಂತು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಏನೋ ಒಂದು ಬಂತು, ಕಪ್ಪಾದ ಹೆಬ್ಬೆರಳು ಒಂದು ವಾರ ತಡವಾಗಿ ಪಟಪಟನೆ ಬಡಿದುಕೊಳ್ಳತೊಡಗಿತು. ಆ ಬೆಂಚು, ಆ ನೆಗಡಿಯ ಡಾಕ್ಟರು, ತಾನೊಬ್ಬನೇ ಕೂತಿದ್ದು. ಇವಳು ಬ್ಯಾಗು ತಬ್ಬಿಕೊಂಡು ಅಲ್ಲಿ ಕೂತಿದ್ದು. “ನನ್ನ ಕೈಲಿ ಮಾಡಿಸಿದೆ!” ಎಂದು ಕೂಗಿದ. ದನಿ ಶೆಡ್ಡಿನ ತಗಡಿಗೆ ಬಡಿದು ವಾಪಸು ಬಂತು. “ನಿನಗೆ ಬೇಕಾಗಿದ್ದನ್ನ ನನ್ನ ಕೈಲಿ ಮಾಡಿಸಿಬಿಟ್ಟು, ನೀನು ಸುಮ್ಮನೆ ಕೂತೆ!”

ಕೂಗಿದ ಮೇಲೆ ಗೊತ್ತಾಯಿತು, ಈ ಮಾತು ಅಕ್ಕನಿಗೆ ಹೇಳಲೆಂದು ಒಳಗಿದ್ದದ್ದಲ್ಲ. ಎರಡು ತಿಂಗಳಿಂದ ಪ್ರತಿ ಭಾನುವಾರ, ಪ್ರಾರ್ಥನೆಗೆ ತಲೆ ತಗ್ಗಿಸಿ ಕೂತಾಗ, ಹಲ್ಲು ಕಚ್ಚಿ ನುಂಗಿಕೊಂಡಿದ್ದ ಮಾತು ಅದು. ಯಾರಿಗೆ ಹೇಳಬೇಕಿತ್ತೋ ಅವನಿಗೆ ಹೇಳಲು ಧೈರ್ಯವಿರಲಿಲ್ಲ, ಹೇಳಿದ್ದರೂ ಅಲ್ಲಿಂದ ಉತ್ತರ ಬರುತ್ತದೆಂಬ ನಂಬಿಕೆಯಿರಲಿಲ್ಲ. ಈಗ ಎದುರಿಗೆ ಸ್ಟೂಲಿನ ಮೇಲೆ ಬಿಳಿಗೂದಲಿನ ಹೆಂಗಸೊಬ್ಬಳು ಕೂತಿದ್ದಳು. ಅವಳು ಮುಖ ತಿರುಗಿಸಲಿಲ್ಲ.

“ಹೌದು,” ಎಂದಳು ಅಕ್ಕ.

ಅಷ್ಟೇ ಹೇಳಿದಳು. ಅವನು ಕಲ್ಲಿನ ಪಕ್ಕ ಒದ್ದೆ ನೆಲದಲ್ಲೇ ಕುಸಿದು ಕೂತ. ಪ್ಯಾಂಟು ನೆನೆಯಿತು, ತಣ್ಣಗೆ ಗೊತ್ತಾಯಿತು. ಅಕ್ಕ ಸ್ಟೂಲು ಎಳೆದುಕೊಂಡು ಹತ್ತಿರ ಬಂದಳು. ಅದನ್ನು ಕೇಳುವುದಕ್ಕೇ ಇಷ್ಟು ದೂರ ಬಂದವಳ ಹಾಗೆ, ಎರಡು ತಿಂಗಳು ಅದೊಂದನ್ನೇ ಮಗ್ಗುಲಲ್ಲಿ ಇಟ್ಟುಕೊಂಡು ಮಲಗಿದವಳ ಹಾಗೆ ಕೇಳಿದಳು. “ಒಬ್ಬಳೇ ಇದ್ಲಾ ಅಮ್ಮ?”

“ಇಲ್ಲ.”

“ಕಾಫಿಗೆ ಹೋಗಿದ್ದೆ ಅಂದಿದ್ದೆ.”

“ಹೋಗಿರಲಿಲ್ಲ. ಕೊಳವೆ ತೆಗೆದ ಮೇಲೆ ಇಪ್ಪತ್ತು ನಿಮಿಷ ಇದ್ಲು. ಸ್ವಂತ ಉಸಿರು. ಮೊದಲು ಜೋರಾಗಿ, ಆಮೇಲೆ ಬಿಟ್ಟು ಬಿಟ್ಟು. ನಾನು ಪಾದ ಹಿಡ್ಕೊಂಡಿದ್ದೆ, ಕೈ ಹತ್ರ ಎಲ್ಲ ಸೂಜಿ ಇತ್ತಲ್ಲ. ಪಾದ ಬೆಚ್ಚಗಿತ್ತು.” ಅವನು ಅತ್ತ, ದೊಡ್ಡವರು ಅಳುವ ಹಾಗಲ್ಲ, ಮೊಟಕು ತಿಂದವನ ಹಾಗೆ, ಮೂಗು ಸೋರಿಸಿಕೊಂಡು. ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟಳು.

ಕಲ್ಲು ಸಾಗಿಸುವ ಲಾರಿ ಅಂಗಳಕ್ಕೆ ಹಿಂದುಮುಂದಾಗಿ ನುಗ್ಗಿ ನಿಂತಿತು. ಇಬ್ಬರು ಆಳುಗಳು ಹಗ್ಗ ಹಿಡಿದು ಇಳಿದು, ಅಳುತ್ತಿರುವ ಅಕ್ಷರದವನನ್ನು ನೋಡಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತರು. ಅಕ್ಕ ಕಣ್ಣು ಒರೆಸಿಕೊಂಡು ಕಲ್ಲಿನತ್ತ ತಿರುಗಿ, “ಇದನ್ನ ಸರಿ ಮಾಡಕ್ಕಾಗುತ್ತಾ?” ಎಂದು ಕೇಳಿದಳು.

“ಆಗುತ್ತೆ. ಮೂರು ದಿನ ಬೇಕು.”

“ಮಾಡ್ತೀಯಾ?”

ಅವನು ವಾಕ್ಯವನ್ನು ಇನ್ನೊಮ್ಮೆ ಓದಿದ. ಕರ್ತ ದೇವರೇ ಆಗಿದ್ದ, ಕ್ರಿಯೆ ತನ್ನದೇ ಆಗಿತ್ತು. ವ್ಯಾಕರಣ ತಪ್ಪು. ಹಾಗಂತ ಯಾವುದನ್ನು ಅಳಿಸಿದರೂ ಸುಳ್ಳಾಗುತ್ತಿತ್ತು. ಆ ಇಪ್ಪತ್ತು ನಿಮಿಷ ಕೋಣೆಯಲ್ಲಿ ತಾನೊಬ್ಬನೇ ಇದ್ದೆನೆಂದು ಅವನು ಈವರೆಗೆ ತಿಳಿದಿದ್ದ. ಈಗ ಅಷ್ಟು ಖಚಿತವಿರಲಿಲ್ಲ.

“ಅವನಿಗೆ ಗೊತ್ತು ಬಿಡು, ಅಕ್ಕ,” ಎಂದ. ಮೂಗು ಒರೆಸಿಕೊಂಡು ಎದ್ದು, ಆಳುಗಳಿಗೆ, “ಎತ್ತಿ,” ಎಂದು ಹೇಳಿ, ತಾನೂ ಒಂದು ಮೂಲೆಗೆ ಹೆಗಲು ಕೊಟ್ಟ. ಕಲ್ಲು ಬಹಳ ಭಾರವಿತ್ತು.